ಹಿಂದಿನಿಂದ ಕರೆದರೆ ಮಗಳು ತಿರುಗುವುದಿಲ್ಲ, ಹುಟ್ಟಿದಾಗ ಟೆಸ್ಟ್ ಪಾಸ್ ಆಗಿತ್ತು

ಪುಟ್ಟಿಯಮ್ಮ · ರಾತ್ರಿ 11:20

ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಉದ್ದವಾದರೆ ಕ್ಷಮಿಸಿ.

ಮಗಳಿಗೆ 14 ತಿಂಗಳು. ಹುಟ್ಟಿದ ಎರಡನೇ ದಿನ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಟೆಸ್ಟ್ ಮಾಡಿದ್ದರು. ಎರಡೂ ಕಿವಿ ಪಾಸ್ ಅಂತ ಬರೆದುಕೊಟ್ಟ ಚೀಟಿ ಈಗಲೂ ಫೈಲಿನಲ್ಲಿದೆ. ಹಾಗಾಗಿ ಕಿವಿಯ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಒಂದೂವರೆ ತಿಂಗಳಿಂದ ಏನೋ ಸರಿ ಕಾಣುತ್ತಿಲ್ಲ. ಬೆನ್ನು ತಿರುಗಿಸಿ ಆಡುತ್ತಿರುವಾಗ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಮೂರು ಸಲ, ನಾಲ್ಕು ಸಲ ಕರೆದರೂ ಅಷ್ಟೇ. ಎದುರಿಗೆ ಹೋಗಿ ಕೂತರೆ ಮುಖವೆಲ್ಲಾ ನಗು. ಬಾಗಿಲು ಧಡಾರನೆ ಬಡಿದರೆ ಬೆಚ್ಚುತ್ತಾಳೆ. ಫೋನಿನಲ್ಲಿ ಜೋರಾಗಿ ಹಾಡು ಹಾಕಿದರೆ ಕುಣಿಯುತ್ತಾಳೆ. ಅಂದಮೇಲೆ ಕಿವಿ ಕೇಳುತ್ತಿದೆ ಅಲ್ಲವೇ? ಎಂಟು ತಿಂಗಳಿದ್ದಾಗ ‘ಬಬಬಬ, ದದದ’ ಅಂತ ದಿನವಿಡೀ ಗಲಗಲ ಅನ್ನುತ್ತಿದ್ದಳು. ಈಗ ಅದು ಕಡಿಮೆಯಾಗಿದೆ. ‘ಮ್ಮಾ’ ಅನ್ನುತ್ತಾಳೆ, ಉಳಿದದ್ದೆಲ್ಲ ಆ, ಊ, ಕಿರುಚಾಟ.

ಅತ್ತೆ ಹೇಳುತ್ತಾರೆ, ‘ನಿನ್ನ ಗಂಡನೂ ಎರಡೂವರೆ ವರ್ಷಕ್ಕೆ ಬಾಯಿ ಬಿಟ್ಟಿದ್ದು, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ’ ಅಂತ. ಅವರು ಮೂವರು ಮಕ್ಕಳನ್ನು ಬೆಳೆಸಿದವರು, ನನಗೆ ಇದೇ ಮೊದಲನೆಯದು. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ನಿಧಾನವೇ ಸರಿ · ಬೆಳಿಗ್ಗೆ 6:45

ಗಾಬರಿ ಬೇಡ ಮೇಡಂ. ನನ್ನ ಮಗನೂ ಎರಡು ವರ್ಷದವರೆಗೆ ನಾಲ್ಕೇ ಪದ ಆಡುತ್ತಿದ್ದ, ಈಗ ಸುಮ್ಮನಿರಿಸುವುದೇ ಕಷ್ಟ. ಆಟದಲ್ಲಿ ಮುಳುಗಿದ ಮಕ್ಕಳು ಕರೆದರೆ ತಿರುಗುವುದಿಲ್ಲ. ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ತಿರುಗಿದರೆ ಕಿವಿ ಚೆನ್ನಾಗಿದೆ ಅಂತಲೇ ಅರ್ಥ. ನಾವು ಹಾಗೇ ನೋಡಿದ್ದು.

ಕಿವಿ ಕೆಲಸದವಳು · ಬೆಳಿಗ್ಗೆ 8:10

ನಾನು ಆಡಿಯಾಲಜಿಸ್ಟ್. ಹದಿನಾರು ವರ್ಷದಿಂದ ಮಕ್ಕಳ ಕಿವಿ ಪರೀಕ್ಷೆಯೇ ನನ್ನ ಕೆಲಸ. ಮಗುವನ್ನು ನೋಡದೆ ಏನಾಗಿದೆ ಅಂತ ಇಲ್ಲಿ ಹೇಳಲಾರೆ, ಹೇಳಲೂಬಾರದು. ಆದರೆ ಚಪ್ಪಾಳೆ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪಲಾರೆ. ಅವರ ಉದ್ದೇಶ ಒಳ್ಳೆಯದೇ. ಆದರೂ ಈ ಚಪ್ಪಾಳೆಯಿಂದಾಗಿ ವರ್ಷಗಟ್ಟಲೆ ತಡವಾದ ಮಕ್ಕಳನ್ನು ನಾನು ತುಂಬಾ ನೋಡಿದ್ದೇನೆ.

ಕಿವಿ ಕೇಳುವುದು, ಕೇಳದಿರುವುದು ಎರಡೇ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ದೀಪದ ಸ್ವಿಚ್ಚಿನ ಹಾಗೆ. ಶ್ರವಣದೋಷ ಇರುವ ಬಹುಪಾಲು ಮಕ್ಕಳಿಗೆ ಏನೋ ಒಂದಷ್ಟು ಕೇಳುತ್ತಲೇ ಇರುತ್ತದೆ. ಪಿಸುಮಾತು ಸುಮಾರು 30 ಡೆಸಿಬೆಲ್, ಎದುರು ಕೂತು ಆಡುವ ಸಾಮಾನ್ಯ ಮಾತು 60 ಡೆಸಿಬೆಲ್ ಆಸುಪಾಸು. ಹತ್ತಿರದಿಂದ ತಟ್ಟಿದ ಚಪ್ಪಾಳೆ, ಬಡಿದ ಬಾಗಿಲು ಅದಕ್ಕಿಂತ ಎಷ್ಟೋ ಜೋರು. 50 ಡೆಸಿಬೆಲ್‌ವರೆಗಿನ ಸದ್ದು ಒಂದೂ ಕೇಳದ ಮಗು ಕೂಡ ಬಾಗಿಲ ಸದ್ದಿಗೆ ಬೆಚ್ಚುತ್ತದೆ, ಜೋರು ಹಾಡಿಗೆ ಕುಣಿಯುತ್ತದೆ. ಆದರೆ ಆ ಮಗುವಿಗೆ ಮಾತು ಅರೆಬರೆಯಾಗಿಯೇ ತಲುಪುತ್ತಿರುತ್ತದೆ. ಮಾತು ಕಲಿಯುವುದಕ್ಕೆ ಅಷ್ಟು ಸಾಲದು.

ಇನ್ನೊಂದು, ಚಪ್ಪಾಳೆ ತಟ್ಟಿದಾಗ ಗಾಳಿ ತಾಗುತ್ತದೆ, ನೆರಳು ಅಲುಗುತ್ತದೆ, ನಡೆದರೆ ನೆಲ ಅದುರುತ್ತದೆ. ಕಿವಿ ಮಂದವಿರುವ ಮಕ್ಕಳ ಕಣ್ಣು ಬಹಳ ಚುರುಕು. ‘ಕೇಳಿಸಿತು’ ಅಂತ ನಾವು ಅಂದುಕೊಂಡದ್ದನ್ನು ಮಗು ಎಷ್ಟೋ ಸಲ ಕಣ್ಣಿನಿಂದಲೋ ಚರ್ಮದಿಂದಲೋ ತಿಳಿದಿರುತ್ತದೆ.

ಪುಟ್ಟಿಯಮ್ಮ, ನೀವು ಬರೆದದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ‘ಬಬಬ ಅನ್ನುತ್ತಿದ್ದಳು, ಈಗ ಕಡಿಮೆಯಾಗಿದೆ’ ಅನ್ನುವ ಮಾತು. ಬಂದ ಕೌಶಲ ಹಿಂದೆ ಸರಿದರೆ ಅದನ್ನು ಯಾವ ವಯಸ್ಸಿನಲ್ಲೂ ಕಾದು ನೋಡಬಾರದು. ಈ ವಾರವೇ ಪರೀಕ್ಷೆಗೆ ಹೊತ್ತು ಗೊತ್ತುಮಾಡಿಕೊಳ್ಳಿ. ಮನೆತನದಲ್ಲಿ ಯಾರಿಗಾದರೂ ಚಿಕ್ಕಂದಿನಿಂದ ಕಿವಿ ಕೇಳದೆ ಇದೆಯಾ? ಹುಟ್ಟಿದಾಗ ಐಸಿಯುನಲ್ಲಿ ಇಟ್ಟಿದ್ದರಾ? ಕಾಮಾಲೆ ಜೋರಾಗಿತ್ತಾ?

ಪುಟ್ಟಿಯಮ್ಮ · ಬೆಳಿಗ್ಗೆ 9:02

ಐಸಿಯು ಇಲ್ಲ. ಕಾಮಾಲೆ ಸ್ವಲ್ಪ ಇತ್ತು, ತಾನೇ ಇಳಿಯಿತು. ನನ್ನ ಯಜಮಾನರ ಚಿಕ್ಕಪ್ಪನ ಮಗಳು ಶಾಲೆಗೆ ಸೇರಿದ ಮೇಲೆ ಹಿಯರಿಂಗ್ ಏಡ್ ಹಾಕಿಕೊಂಡಳಂತೆ. ಅದನ್ನು ಯಾರೂ ಮಾತಾಡುವುದಿಲ್ಲ, ಇವತ್ತು ಬೆಳಿಗ್ಗೆ ಕೇಳಿದ ಮೇಲೆ ಗೊತ್ತಾಯಿತು. ಆದರೆ ಹುಟ್ಟಿದಾಗಿನ ಟೆಸ್ಟ್ ಪಾಸ್ ಆಗಿದೆಯಲ್ಲ?

ಕಿವಿ ಕೆಲಸದವಳು · ಬೆಳಿಗ್ಗೆ 9:30

ಆ ಟೆಸ್ಟಿಗೆ ಓಎಇ ಅನ್ನುತ್ತೇವೆ. ಒಳಕಿವಿಯ ಬಸವನಹುಳುವಿನಂಥ ಸುರುಳಿಯಲ್ಲಿ, ಅಂದರೆ ಕಾಕ್ಲಿಯದಲ್ಲಿ, ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿವೆ. ಸದ್ದು ಬಂದಾಗ ಅವುಗಳಲ್ಲಿ ಹೊರಸಾಲಿನವು ತಾವೂ ಕುಣಿದು ಮೆಲ್ಲಗೆ ಮರುದನಿ ಕೊಡುತ್ತವೆ. ಕಿವಿಯೇ ಸದ್ದು ಹೊರಡಿಸುತ್ತದೆ ಅಂತ ಡೇವಿಡ್ ಕೆಂಪ್ ಅನ್ನುವ ವಿಜ್ಞಾನಿ 1978ರಲ್ಲಿ ತೋರಿಸಿಕೊಟ್ಟರು. ಬಿರಡೆಯೊಳಗಿನ ಪುಟ್ಟ ಮೈಕು ಆ ಮರುದನಿಯನ್ನೇ ಹಿಡಿಯುವುದು.

ಅಂದರೆ ಆ ಚೀಟಿ ಹೇಳುವುದು ಅವತ್ತಿನ ಕಥೆ ಮಾತ್ರ. ಕೆಲವು ಬಗೆಯ ಶ್ರವಣದೋಷ, ಮುಖ್ಯವಾಗಿ ವಂಶವಾಹಿಯಲ್ಲಿ ಬಂದ ಕೆಲವು, ಗರ್ಭದಲ್ಲಿದ್ದಾಗ ಸಿಎಂವಿ ವೈರಸ್ ತಗುಲಿದ್ದರಿಂದ ಆಗುವಂಥವು, ಹುಟ್ಟಿದಾಗ ಇಲ್ಲದೆ ತಿಂಗಳುಗಳ ಮೇಲೆ, ವರ್ಷಗಳ ಮೇಲೆ ಶುರುವಾಗುತ್ತವೆ. ತೀರಾ ಸಣ್ಣ ಮಟ್ಟದ ದೋಷ ಓಎಇ ಕಣ್ಣು ತಪ್ಪಿಸಬಹುದು. ಕೂದಲ ಕೋಶ ಸರಿಯಿದ್ದು ನರದ ಕಡೆ ತೊಂದರೆ ಇದ್ದರಂತೂ ಅದು ಪಾಸ್ ಅಂತಲೇ ತೋರಿಸುತ್ತದೆ. ಅದಕ್ಕೇ ಐಸಿಯುನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಕೂಸುಗಳಿಗೆ ಓಎಇ ಒಂದೇ ಸಾಲದು, ನರದ ಪರೀಕ್ಷೆಯೂ ಆಗಬೇಕು.

ಇದು ತಿರುಗುಮುರುಗಾಗಿಯೂ ನಿಜ. ಹುಟ್ಟಿದಾಗ ಪಾಸ್ ಆಗದಿದ್ದರೆ ಕಿವಿ ಹೋಯಿತು ಅಂತಲ್ಲ. ಕಿವಿಯಲ್ಲಿ ಹೆರಿಗೆಯ ಲೋಳೆ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೊಮ್ಮೆ ಮಾಡಿಸಬೇಕು, ಬಿಡಬಾರದು, ಅಷ್ಟೇ.

ಇಬ್ಬರ ಅಪ್ಪ · ಮಧ್ಯಾಹ್ನ 1:15

ಅಕ್ಕ, ನಮ್ಮನೆ ಕಥೆ ಹೇಳುತ್ತೇನೆ. ನನ್ನ ದೊಡ್ಡ ಮಗನಿಗೆ ಕಿವಿ ತೊಂದರೆ ಇದೆ ಅಂತ ಗೊತ್ತಾದಾಗ ಅವನಿಗೆ ಮೂರು ವರ್ಷ ಎರಡು ತಿಂಗಳು. ಅಲ್ಲಿಯವರೆಗೆ ಅವನಿಗೆ ನಾವು ಕೊಟ್ಟಿದ್ದ ಹೆಸರು ಹಟಮಾರಿ. ಬಾ ಅಂದರೆ ಬರುವುದಿಲ್ಲ, ಬೇಡ ಅಂದದ್ದನ್ನೇ ಮಾಡುತ್ತಾನೆ, ಟಿವಿ ಹತ್ತಿರ ಮೂಗು ತಾಗಿಸಿ ನಿಲ್ಲುತ್ತಾನೆ. ಬೈದಿದ್ದೇನೆ. ಎರಡು ಸಲ ಹೊಡೆದೂ ಇದ್ದೇನೆ. ಅದು ಇವತ್ತಿಗೂ ಎದೆಯಲ್ಲಿ ಕೂತಿದೆ.

ಎರಡು ವರ್ಷವಾದಾಗ ಒಬ್ಬ ಡಾಕ್ಟರರ ಹತ್ತಿರ ಹೋಗಿದ್ದೆವು. ಅವರು ಮೇಜು ತಟ್ಟಿದರು, ಅವನು ತಿರುಗಿದ. ‘ಗಂಡು ಮಕ್ಕಳು ನಿಧಾನ, ಮೂರು ವರ್ಷದವರೆಗೆ ನೋಡಿ’ ಅಂದರು. ನಾವು ಖುಷಿಯಿಂದಲೇ ವಾಪಸ್ ಬಂದೆವು. ನಮಗೆ ಬೇಕಿದ್ದ ಮಾತೂ ಅದೇ ಆಗಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಅವನು ಮಾತಾಡುತ್ತಿದ್ದ, ಆಡುತ್ತಿರಲಿಲ್ಲ ಅಂತಲ್ಲ. ಆದರೆ ‘ಶಾಲೆ’ ಅವನ ಬಾಯಲ್ಲಿ ‘ಆಲೆ’, ‘ಸರ’ ಅಂದರೆ ‘ಅರ’. ಮುದ್ದು ಮಾತು ಅಂತ ನಾವೂ ಹಾಗೇ ಆಡುತ್ತಿದ್ದೆವು. ‘ಬಂದ, ಬಂದೆ, ಬಂತು’ ಎಲ್ಲ ಅವನಿಗೆ ಒಂದೇ. ಹೆಚ್ಚು ಕಂಪನದ, ಮೆಲುದನಿಯ ವ್ಯಂಜನಗಳು ಅವನಿಗೆ ಕೇಳುತ್ತಲೇ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಸ, ಶ, ಚ, ಹ ಇವು ಬಾಯಿಂದ ಹೊರಡುವಾಗಲೇ ಮೆಲ್ಲಗೆ. ಸ್ವರಗಳು ಗಟ್ಟಿ. ಸ್ವರ ಕೇಳಿದ್ದರಿಂದ ಯಾರೋ ಮಾತಾಡಿದರು ಅಂತ ಗೊತ್ತಾಗುತ್ತಿತ್ತು, ಏನು ಮಾತಾಡಿದರು ಅಂತ ಗೊತ್ತಾಗುತ್ತಿರಲಿಲ್ಲ.

ಈಗ ಒಂಬತ್ತು ವರ್ಷ. ಎರಡೂ ಕಿವಿಗೆ ಏಡ್ ಇದೆ, ಓದುತ್ತಾನೆ, ಜಗಳ ಆಡುತ್ತಾನೆ. ಆದರೆ ಆ ಮೂರು ವರ್ಷ ತುಂಬಿಸಲು ಐದು ವರ್ಷ ಸ್ಪೀಚ್ ಥೆರಪಿಗೆ ಓಡಾಡಿದೆವು. ಎರಡನೆಯವಳಿಗೆ ಹುಟ್ಟಿದ ಕೂಡಲೇ ಮಾಡಿಸಿದೆವು, ಅವಳಿಗೂ ಇದೆ. ಮೂರನೇ ತಿಂಗಳಿಗೆ ಏಡ್ ಹಾಕಿದೆವು. ಅವಳ ಮಾತಿಗೂ ಅಕ್ಕಪಕ್ಕದ ಮಕ್ಕಳ ಮಾತಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ದಯವಿಟ್ಟು ಕಾಯಬೇಡಿ.

ಪುಟ್ಟಿಯಮ್ಮ · ಮಧ್ಯಾಹ್ನ 2:40

ಓದಿ ಅಳು ಬಂತು. ಶುಕ್ರವಾರಕ್ಕೆ ಹೊತ್ತು ಸಿಕ್ಕಿದೆ. ಯಾವ ತಿಂಗಳಿಗೆ ಏನು ಆಗಬೇಕಿತ್ತು ಅಂತ ಯಾರಾದರೂ ಹೇಳುತ್ತೀರಾ? ನಾನು ಯಾವುದನ್ನು ನೋಡದೆ ಬಿಟ್ಟೆ ಅಂತ ತಿಳಿಯಬೇಕು.

ಕಿವಿ ಕೆಲಸದವಳು · ರಾತ್ರಿ 9:50

ನೀವು ಬಿಟ್ಟದ್ದಕ್ಕಿಂತ ನೋಡಿದ್ದೇ ಹೆಚ್ಚು. ಒಂದೂವರೆ ತಿಂಗಳಲ್ಲಿ ಗುರುತಿಸಿ ಬರೆದಿದ್ದೀರಿ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ, ಇದು ನನಗೆ ಬಹಳ ಪ್ರೀತಿಯ ವಿಷಯ.

ಕೇಳುವುದು ಹುಟ್ಟುವ ಮೊದಲೇ ಶುರು. ಬಸಿರಿನ ಸುಮಾರು 20ನೇ ವಾರದ ಹೊತ್ತಿಗೆ ಒಳಕಿವಿಯ ಕಟ್ಟಡ ಮುಗಿಯುತ್ತ ಬರುತ್ತದೆ. 25ರಿಂದ 28 ವಾರದ ಹೊತ್ತಿಗೆ ಹೊರಗಿನ ಸದ್ದಿಗೆ ಮಗು ಅಲುಗುತ್ತದೆ. ಒಳಗೆ ತಲುಪುವುದು ಮಾತಿನ ತಗ್ಗು ದನಿ, ಏರಿಳಿತ, ಲಯ. ಅಷ್ಟು ಸಾಕಾಗುತ್ತದೆ. ಹುಟ್ಟಿ ಮೂರು ದಿನವೂ ಆಗದ ಶಿಶುಗಳು ತಾಯಿಯ ದನಿ ಕೇಳಲೆಂದೇ ಚೀಪುವ ಲಯವನ್ನು ಬದಲಿಸುತ್ತವೆ ಎಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಸಂಶೋಧಕರು ತೋರಿಸಿದರು.

ಮೊದಲ ಮೂರು ತಿಂಗಳು ಮಗು ಜೋರು ಸದ್ದಿಗೆ ಬೆಚ್ಚುತ್ತದೆ, ಗುರುತಿನ ದನಿಗೆ ಅಳು ನಿಲ್ಲಿಸುತ್ತದೆ. ನಾಲ್ಕರ ಸುಮಾರಿಗೆ ಕಣ್ಣು, ತಲೆ ಸದ್ದಿನ ಕಡೆ ಹೊರಳುತ್ತವೆ. ಆರರ ಹೊತ್ತಿಗೆ ಪಕ್ಕದಿಂದ ಬಂದ ಮೆಲುದನಿಗೂ ನೇರ ತಿರುಗಬೇಕು. ಆರರಿಂದ ಹತ್ತು ತಿಂಗಳೊಳಗೆ ವ್ಯಂಜನ ಸ್ವರ ಸೇರಿದ ತೊದಲು, ‘ಬಬಬ’, ‘ದದದ’ ಬರಬೇಕು. ಇಲ್ಲೇ ತಂದೆತಾಯಿ ಮೋಸ ಹೋಗುವುದು. ಏನೂ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಊ, ಆ ಅಂತ ಗುನುಗುತ್ತದೆ, ನಗುತ್ತದೆ. ತನ್ನ ದನಿ ತನಗೇ ಮರಳಿ ಕೇಳಿಸಿದರೆ ಮಾತ್ರ ಮುಂದಿನ ಹೆಜ್ಜೆ, ಆ ‘ಬಬಬ’, ಸಮಯಕ್ಕೆ ಬರುತ್ತದೆ.

ಇನ್ನೊಂದು ಸೋಜಿಗ ಇದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಕೂಸುಗಳು ಹಿಂದಿಯ ತ ಮತ್ತು ಟ ನಡುವಿನ ಭೇದವನ್ನು ಸಲೀಸಾಗಿ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳಿಗೆ ಬಂದಾಗ ಹೆಚ್ಚಿನವು ಅದನ್ನು ಕಳೆದುಕೊಂಡಿದ್ದವು. ಮೊದಲ ವರ್ಷದಲ್ಲೇ ಮಿದುಳು ತನ್ನ ಭಾಷೆಗೆ ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಬಿಡುತ್ತದೆ. ನಮ್ಮ ಮಕ್ಕಳು ‘ಹಲ್ಲು–ಹಳ್ಳ’, ‘ತಟ್ಟೆ–ತತ್ತಿ’ ಬೇರೆ ಮಾಡುವುದಕ್ಕೆ ಕಿವಿ ಹದವಾಗುವುದೂ ಇಂಥದ್ದೇ ಕೆಲಸ. ಮೊದಲ ಪದ ಬಾಯಿಂದ ಬರುವ ಎಷ್ಟೋ ಮೊದಲೇ ಕಿವಿ ಒಂದು ಭಾಷೆ ಕಟ್ಟಿ ಮುಗಿಸಿರುತ್ತದೆ. ಹಾಗಾಗಿ ‘ಮಾತು ಬರುವ ವಯಸ್ಸಿಗೆ ನೋಡೋಣ’ ಅಂತ ಕೂತರೆ ಮುಖ್ಯ ಕಾಲ ಕಳೆದೇ ಹೋಗಿರುತ್ತದೆ.

ಒಂಬತ್ತರ ಸುಮಾರಿಗೆ ಹೆಸರಿಗೆ ತಿರುಗುವುದು, ಒಂದು ವರ್ಷದ ಆಸುಪಾಸು ಮೊದಲ ಪದ, ಸನ್ನೆ ಮಾಡದೆ ‘ಕೊಡು’ ಅಂದರೂ ತಿಳಿಯುವುದು, ಎರಡಕ್ಕೆ ಎರಡು ಪದ ಜೋಡಿಸುವುದು. ಇವು ಮೈಲಿಗಲ್ಲು. ಒಂದೆರಡು ತಿಂಗಳ ಹಿಂದುಮುಂದು ಎಲ್ಲ ಮಕ್ಕಳಲ್ಲೂ ಇದೆ. ಆದರೆ ಮಾತು ತಡ ಅನಿಸಿದ ಪ್ರತಿ ಮಗುವಿಗೂ, ಕಾರಣ ಏನೇ ಅಂದುಕೊಂಡಿರಲಿ, ಮೊದಲು ಕಿವಿ ಪರೀಕ್ಷೆ ಆಗಬೇಕು. ಆಟಿಸಂ ಇರಬಹುದು ಅಂತ ಹೇಳಿದ್ದರೂ ಕೂಡ. ಎರಡೂ ಒಟ್ಟಿಗೆ ಇರಬಹುದು.

ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಪಕ್ಕಾ ಪತ್ತೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವ ಲೆಕ್ಕವನ್ನು ನಮ್ಮ ಕ್ಷೇತ್ರದಲ್ಲಿ ಪಾಲಿಸುತ್ತೇವೆ. ಸಾವಿರ ಶಿಶುಗಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಶಾಶ್ವತ ದೋಷ ಇರುತ್ತದೆ, ಅವರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಕ್ಕಳ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಅನ್ನುವುದು ಭರವಸೆ ಅಲ್ಲ.

ಶಿಶುವಿಹಾರದ ಟೀಚರ್ · ರಾತ್ರಿ 10:30

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೂರ‍್ನಾಲ್ಕು ವರ್ಷದವರಲ್ಲಿ ನಾನು ಗಮನಿಸುವುದು ಬೇರೆ ತರಹ. ‘ಎಲ್ಲರೂ ಏಳಿ’ ಅಂದಾಗ ಪಕ್ಕದವನು ಎದ್ದ ಮೇಲೆ ಏಳುವ ಮಗು. ಕಥೆ ಹೇಳುವಾಗ ಪುಸ್ತಕ ನೋಡದೆ ನನ್ನ ತುಟಿಯನ್ನೇ ನೋಡುವ ಮಗು. ಕೇಳಿದ್ದಕ್ಕೆ ಬೇರೆಯೇ ಉತ್ತರ ಕೊಡುವ ಮಗು. ನೆಗಡಿ ಬಂದ ವಾರವೆಲ್ಲ ಮಂಕಾಗಿ, ಮುಂದಿನ ವಾರ ಚುರುಕಾಗುವ ಮಗು. ಕೊನೆಯದು ತುಂಬಾ ಸಲ ಕಿವಿ ತಮಟೆಯ ಹಿಂದೆ ನೀರು ನಿಂತದ್ದಾಗಿರುತ್ತದೆ. ಗಲಾಟೆ ಇಲ್ಲದ, ಮೂಲೆಯಲ್ಲಿ ತಣ್ಣಗೆ ಕೂರುವ ಮಕ್ಕಳನ್ನು ‘ಒಳ್ಳೆ ಮಗು’ ಅಂತ ಬಿಟ್ಟುಬಿಡುತ್ತೇವೆ, ಅವರನ್ನೇ ಹೆಚ್ಚು ನೋಡಬೇಕು.

ಚಿಕ್ಕಮ್ಮ · ಮರುದಿನ, ಬೆಳಿಗ್ಗೆ 7:20

ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರೆ ಗುಗ್ಗೆ ಇಳಿದು ಸರಿಹೋಗಬಹುದಲ್ಲವೇ? ನಮ್ಮಲ್ಲಿ ಹಾಗೆ ಮಾಡುತ್ತಿದ್ದರು.

ಕಿವಿ ಕೆಲಸದವಳು · ಬೆಳಿಗ್ಗೆ 8:05

ಬೇಡ ಅಮ್ಮ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಒಳಗಿಳಿದು ಸೋಂಕಾಗುತ್ತದೆ. ಬಡ್ಸ್, ಪಿನ್ನೂ ಬೇಡ, ಗುಗ್ಗೆಯನ್ನು ಇನ್ನಷ್ಟು ಒಳಗೆ ತಳ್ಳುತ್ತವೆ. ಕಿವಿ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ. ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ಇಎನ್‌ಟಿ ಡಾಕ್ಟರ್ ತೆಗೆಯಲಿ.

ಪುಟ್ಟಿಯಮ್ಮ · ಶುಕ್ರವಾರ, ಸಂಜೆ 6:30

ಹೋಗಿಬಂದೆವು. ಸದ್ದಿಲ್ಲದ ಕೋಣೆಯಲ್ಲಿ ನನ್ನ ತೊಡೆ ಮೇಲೆ ಕೂರಿಸಿಕೊಂಡೆ. ಪಕ್ಕದ ಸ್ಪೀಕರಿನಿಂದ ಸದ್ದು ಬಂದಾಗ ತಿರುಗಿದರೆ ಪೆಟ್ಟಿಗೆಯೊಳಗಿನ ಬೊಂಬೆ ಬೆಳಗಿ ಕುಣಿಯುತ್ತದೆ. ಪುಟ್ಟಿ ಆ ಆಟ ಬೇಗ ಕಲಿತಳು. ಆದರೆ ಸದ್ದು ಸುಮಾರು 60ಕ್ಕೆ ಏರಿಸಿದ ಮೇಲೆಯೇ ತಿರುಗುತ್ತಿದ್ದದ್ದು. ನನಗೆ ಕೇಳುತ್ತಿತ್ತು, ಅವಳಿಗಿಲ್ಲ. ಕೂತಲ್ಲೇ ಕೈ ತಣ್ಣಗಾಯಿತು. ಓಎಇ ಎರಡೂ ಕಡೆ ಬರಲಿಲ್ಲ. ಆಮೇಲೆ ಕಿವಿಗೆ ಗಾಳಿ ಒತ್ತಿ ನೋಡುವ ಟೆಸ್ಟಿನಲ್ಲಿ ಗೆರೆ ಚಪ್ಪಟೆ ಬಂತು. ತಮಟೆಯ ಹಿಂದೆ ನೀರಿದೆ, ಅದಕ್ಕೇ ಹೀಗೆ ಇರಬಹುದು, ಆರು ವಾರ ಬಿಟ್ಟು ಬನ್ನಿ ಅಂದಿದ್ದಾರೆ.

ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನಾನೂ.

ನಿಧಾನವೇ ಸರಿ · ಸಂಜೆ 7:10

ದೇವರು ದೊಡ್ಡವನು. ನೀರು ಇಳಿದರೆ ಎಲ್ಲ ಸರಿಯಾಗುತ್ತದೆ.

ಕಿವಿ ಕೆಲಸದವಳು · ರಾತ್ರಿ 8:40

ನೀರು ನಿಲ್ಲುವುದು ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಹೋಗುವ ನಳಿಗೆ ಮಕ್ಕಳಲ್ಲಿ ಗಿಡ್ಡ, ಹೆಚ್ಚು ಅಡ್ಡಡ್ಡ. ಊದಿಕೊಂಡರೆ ಮುಚ್ಚಿಹೋಗುತ್ತದೆ, ಒಳಗೆ ಅಂಟುನೀರು ತುಂಬುತ್ತದೆ. ಹೆಚ್ಚಿನವರಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಇಳಿಯದೆ ಉಳಿದು ಕೇಳುವುದಕ್ಕೆ ಅಡ್ಡಿಯಾದರೆ ತಮಟೆಯಲ್ಲಿ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ.

ಆದರೆ ನೀರೊಂದರಿಂದ ಸಾಮಾನ್ಯವಾಗಿ ಆಗುವ ನಷ್ಟ 25–30 ಡೆಸಿಬೆಲ್. ನಿಮ್ಮ ಮಗಳು 60ಕ್ಕೆ ತಿರುಗಿದಳು ಅನ್ನುತ್ತೀರಿ. ಜೊತೆಗೆ ಮನೆತನದಲ್ಲಿ ಒಬ್ಬರಿಗಿದೆ. ನೀರಿನ ಹಿಂದೆ ಬೇರೇನೂ ಅಡಗಿಲ್ಲ ಅಂತ ಖಚಿತವಾಗಬೇಕು. ಬೇರಾ ಟೆಸ್ಟ್ ಕೇಳಿ, ಮೂಳೆಯ ಮೂಲಕವೂ ಮಾಡಿ ಅಂತ ಸ್ಪಷ್ಟವಾಗಿ ಹೇಳಿ. ಹಣೆಗೆ, ಕಿವಿ ಹಿಂದೆ ತಂತಿ ಅಂಟಿಸಿ ಸದ್ದು ನರದಲ್ಲಿ ಎಲ್ಲಿಯವರೆಗೆ ಸಾಗುತ್ತಿದೆ ಅಂತ ನೋಡುತ್ತಾರೆ. ಕಿವಿ ಹಿಂದಿನ ಮೂಳೆಗೆ ಕಂಪನ ಕೊಟ್ಟರೆ ನಡುಗಿವಿಯ ನೀರನ್ನು ತಪ್ಪಿಸಿ ಸದ್ದು ನೇರ ಒಳಕಿವಿಗೆ ಹೋಗುತ್ತದೆ. ನೋವಿಲ್ಲ. ಮಗು ಗಾಢ ನಿದ್ದೆಯಲ್ಲಿರಬೇಕು, ಅವತ್ತು ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ನಿದ್ದೆ ಹೋಗದಂತೆ ನೋಡಿಕೊಳ್ಳಿ.

ನಿಮ್ಮ ಸಮಾಧಾನ ಕದಡಿದ್ದಕ್ಕೆ ಬೇಜಾರಿದೆ. ಹೇಳದಿದ್ದರೆ ಇನ್ನೂ ಬೇಜಾರಾಗುತ್ತಿತ್ತು.

ಅವಳಿ ಅಮ್ಮ · ರಾತ್ರಿ 9:15

ನಡುವೆ ಕೇಳುತ್ತಿದ್ದೇನೆ. ನನ್ನ ಆರು ವರ್ಷದವನು ಫೋನು ಯಾವಾಗಲೂ ಬಲಕ್ಕೇ ಇಟ್ಟುಕೊಳ್ಳುತ್ತಾನೆ, ಎಡಕ್ಕೆ ಕೊಟ್ಟರೆ ‘ಏನೂ ಇಲ್ಲ’ ಅನ್ನುತ್ತಾನೆ. ಬೇರೆ ಕೋಣೆಯಿಂದ ಕರೆದರೆ ಯಾವ ಕಡೆಯಿಂದ ಅಂತ ಹುಡುಕುತ್ತಾನೆ. ಮಾತು ಸ್ಪಷ್ಟ ಇದೆ. ಕಳೆದ ವರ್ಷ ಮಂಗನಬಾವು ಬಂದಿತ್ತು.

ಕಿವಿ ಕೆಲಸದವಳು · ರಾತ್ರಿ 9:25

ನಾಳೆಯೇ ಕರೆದುಕೊಂಡು ಹೋಗಿ. ಮಂಗನಬಾವಿನಿಂದ ಒಂದು ಕಿವಿ ಪೂರ್ತಿ ಹೋಗುವುದುಂಟು. ಸದ್ದಿನ ದಿಕ್ಕು ಹಿಡಿಯಲು ಎರಡು ಕಿವಿ ಬೇಕು, ಗದ್ದಲದ ತರಗತಿಯಲ್ಲಿ ಮಾತು ಹೆಕ್ಕಲೂ ಬೇಕು. ಇದನ್ನು ಓದುವ ಎಲ್ಲರಿಗೂ ಹೇಳುತ್ತೇನೆ: ಮಿದುಳ್ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್, ಬಂದು ಗುಣವಾದ ಮಗುವಿಗೆ ಕೂಡಲೇ ಕಿವಿ ಪರೀಕ್ಷೆ ಆಗಬೇಕು. ಕಾಕ್ಲಿಯದೊಳಗೆ ಮೂಳೆ ಬೆಳೆದು ಮುಚ್ಚಿಕೊಳ್ಳಬಹುದು, ಆಮೇಲೆ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಾಕ್ಲಿಯದೊಳಗೆ ಇಡುವ ಕೇಳುವ ಸಾಧನ, ಕೂರಿಸುವುದು ಕಷ್ಟವಾಗುತ್ತದೆ. ಮಕ್ಕಳ ಶ್ರವಣದೋಷದಲ್ಲಿ ಸುಮಾರು 60% ತಡೆಯಬಹುದಾದದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಡಾರ, ರುಬೆಲ್ಲಾ, ಮಂಗನಬಾವಿನ ಲಸಿಕೆ ತಪ್ಪಿಸದಿರುವುದೂ ಅದರಲ್ಲಿ ಸೇರಿದೆ.

ಪುಟ್ಟಿಯಮ್ಮ · ಏಳು ವಾರದ ನಂತರ, ರಾತ್ರಿ 12:05

ನೀರು ಒಂದು ಕಿವಿಯಲ್ಲಿ ಪೂರ್ತಿ ಇಳಿದಿದೆ, ಇನ್ನೊಂದರಲ್ಲಿ ಸ್ವಲ್ಪ ಇದೆ. ಬೇರಾ ಆಯಿತು. ಮೂಳೆಯ ಮೂಲಕ ಮಾಡಿದಾಗಲೂ ಎರಡೂ ಕಡೆ 50ರ ಹತ್ತಿರ. ಒಳಕಿವಿಯದು, ಶಾಶ್ವತ ಅಂದರು. ಜೀನ್ ಪರೀಕ್ಷೆಗೂ ಬರೆದುಕೊಟ್ಟಿದ್ದಾರೆ. ಮುಂದಿನ ವಾರ ಹಿಯರಿಂಗ್ ಏಡಿಗೆ ಕಿವಿಯ ಅಚ್ಚು ತೆಗೆಯುತ್ತಾರೆ.

ಅತ್ತೆ ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ನಾನು ಹಾಗೆ ಹೇಳಬಾರದಿತ್ತು’ ಅಂದರು. ನನಗೆ ಅವರ ಮೇಲೆ ಕೋಪವಿಲ್ಲ. ಇಷ್ಟು ದಿನ ನಾನು ಹಾಡಿದ ಜೋಗುಳ ಅವಳಿಗೆ ಕೇಳಿತ್ತಾ ಅನ್ನುವುದೊಂದೇ ಕೊರೆಯುತ್ತಿದೆ.

ಇಬ್ಬರ ಅಪ್ಪ · ಬೆಳಿಗ್ಗೆ 5:50

ಎದೆಗೊರಗಿಸಿಕೊಂಡು ಹಾಡುವ ಜೋಗುಳ ಕಿವಿಗೆ ಒಂದು ಗೇಣು ದೂರದಲ್ಲೂ ಇರುವುದಿಲ್ಲ ಅಕ್ಕ. ಕೇಳಿರುತ್ತದೆ. ತೆರೆದ ಜಾಗದಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ ಅಂತ ನಮ್ಮ ಆಡಿಯಾಲಜಿಸ್ಟ್ ಲೆಕ್ಕ ಹಾಕಿ ತೋರಿಸಿದ್ದರು. ಒಂದು ಮೀಟರಿಗೆ 60 ಇದ್ದ ಮಾತು ನಾಲ್ಕು ಮೀಟರಿಗೆ 48. ಹತ್ತಿರ ಬಂದಾಗಲೆಲ್ಲ ಅವಳಿಗೆ ನೀವು ಕೇಳುತ್ತಿದ್ದಿರಿ, ದೂರ ಹೋದಾಗ ಮಾಯವಾಗುತ್ತಿದ್ದಿರಿ. ಈಗಲೂ ಏಡ್ ಬರುವವರೆಗೆ ಹತ್ತಿರ ಕೂತು ಮಾತಾಡಿ, ಟಿವಿ ಆರಿಸಿ.

ಕೈಮಾತು · ಬೆಳಿಗ್ಗೆ 10:10

ನಾನು ಹುಟ್ಟು ಕಿವುಡ. ಈ ಪದ ಬಳಸಲು ನನಗೆ ನಾಚಿಕೆಯಿಲ್ಲ, ಅದು ನಾನು. ಇಡೀ ಚರ್ಚೆ ಓದಿದೆ, ಎಲ್ಲರೂ ಪ್ರೀತಿಯಿಂದ ಬರೆದಿದ್ದೀರಿ. ಆದರೆ ಮಗುವಿಗೆ ಬೇಕಾದದ್ದು ಭಾಷೆ. ಕೇಳಿಸುವುದು ಭಾಷೆಗೆ ಒಂದು ದಾರಿ, ಇನ್ನೊಂದು ಕಣ್ಣು. ನನಗೆ ಐದು ವರ್ಷದವರೆಗೆ ಎರಡೂ ಸಿಗಲಿಲ್ಲ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಅಂತ ಯಾರೋ ಹೆದರಿಸಿದ್ದರು, ಮನೆಯಲ್ಲಿ ನನ್ನ ಕೈ ಹಿಡಿದು ಕೆಳಗಿಳಿಸುತ್ತಿದ್ದರು. ಹೊಟ್ಟೆನೋವು ಎಲ್ಲಿ ಅಂತ ಹೇಳಲೂ ನನಗೆ ಪದವಿರಲಿಲ್ಲ.

ಸನ್ನೆ ಭಾಷೆ ಅಭಿನಯವಲ್ಲ, ಅದಕ್ಕೆ ತನ್ನದೇ ವ್ಯಾಕರಣ ಇದೆ. ವಿಲಿಯಂ ಸ್ಟೋಕಿ 1960ರಲ್ಲೇ ಅದನ್ನು ತೋರಿಸಿಕೊಟ್ಟರು. ಸನ್ನೆ ಮಾಡುವ ಮನೆಯಲ್ಲಿ ಹುಟ್ಟಿದ ಕಿವುಡು ಕೂಸುಗಳು ಬೆರಳುಗಳಲ್ಲೇ ತೊದಲುತ್ತವೆ. ನಿಮ್ಮ ಮಗಳಿಗೆ ಏಡ್ ಚೆನ್ನಾಗಿ ಹೊಂದಬಹುದು, ಹೊಂದಲಿ. ಆದರೂ ಏಡ್ ತೆಗೆದಿಟ್ಟ ರಾತ್ರಿ, ನೀರಾಟದ ಹೊತ್ತು ಅವಳೊಡನೆ ಹೇಗೆ ಮಾತಾಡುತ್ತೀರಿ? ಸ್ವಲ್ಪ ಸನ್ನೆ ಕಲಿಯಿರಿ. ನಮ್ಮಂಥ ದೊಡ್ಡವರನ್ನು ಅವಳಿಗೆ ತೋರಿಸಿ. ತನ್ನ ಹಾಗೆ ಇರುವವರು ದೊಡ್ಡವರಾಗುತ್ತಾರೆ ಅಂತ ಅವಳಿಗೆ ಗೊತ್ತಾಗಬೇಕು.

ಕಿವಿ ಕೆಲಸದವಳು · ಬೆಳಿಗ್ಗೆ 11:00

ಕೈಮಾತು ಅವರ ಮಾತನ್ನು ನನ್ನ ಕ್ಷೇತ್ರದವರೇ ಎಷ್ಟೋ ವರ್ಷ ಒಪ್ಪಲಿಲ್ಲ. ಸನ್ನೆ ಕಲಿತರೆ ಮಾತು ಕೆಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಈ ಮಟ್ಟದ ದೋಷಕ್ಕೆ ಏಡ್ ಒಳ್ಳೆಯ ಕೆಲಸ ಮಾಡುತ್ತದೆ. ಏಡಿನಿಂದ ಸಾಲದಷ್ಟು ತೀವ್ರವಾಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಇದೆ, ಅದೂ ಬೇಗ ಆದಷ್ಟು ಒಳ್ಳೆಯದು. ಎರಡರಲ್ಲಿ ಯಾವುದಾದರೂ ಕನ್ನಡಕ ಹಾಕಿದಂತೆ ಕೂಡಲೇ ಸರಿಹೋಗುವುದಿಲ್ಲ, ಕೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಮಿದುಳಿಗೆ ಸಮಯ ಬೇಕು.

ನಿಧಾನವೇ ಸರಿ · ಸಂಜೆ 4:20

ಮೇಡಂ, ಮೊದಲ ದಿನ ನಾನು ಬರೆದದ್ದು ತಪ್ಪು. ನಿಮ್ಮನ್ನು ಕಾಯಲು ಹೇಳಿದೆ. ನನ್ನ ಮಗನನ್ನೂ ಹೋದ ವಾರ ಪರೀಕ್ಷೆ ಮಾಡಿಸಿದೆ, ಚೆನ್ನಾಗಿದೆ. ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ ಅಂತ ನಿಮಗೂ ಆಗುವುದಿಲ್ಲ ಅಂದುಕೊಂಡಿದ್ದೆ. ಕ್ಷಮಿಸಿ.

ಪುಟ್ಟಿಯಮ್ಮ · ಮತ್ತೆ ಐದು ವಾರದ ನಂತರ, ರಾತ್ರಿ 9:30

ಏಡ್ ಹಾಕಿ ಹದಿನೆಂಟು ದಿನ. ಮೊದಲ ವಾರ ದಿನಕ್ಕೆ ನಲವತ್ತು ಸಲ ಕಿತ್ತುಹಾಕುತ್ತಿದ್ದಳು. ಈಗ ಎದ್ದ ತಕ್ಷಣ ಹಾಕಿ ಕೈಗೆ ಏನಾದರೂ ಕೊಟ್ಟರೆ ಮರೆಯುತ್ತಾಳೆ. ನಿನ್ನೆ ಮಳೆ ಶುರುವಾದಾಗ ಕಿಟಕಿ ಕಡೆ ತಿರುಗಿ ನನ್ನ ಮುಖ ನೋಡಿದಳು. ‘ಮಳೆ’ ಅಂದೆ. ಅಷ್ಟೇ ಅಂದೆ, ಮುಂದೆ ಮಾತು ಬರಲಿಲ್ಲ.

ಎರಡು ಪ್ರಶ್ನೆ. ಎತ್ತಿಕೊಂಡಾಗ ಕುಂಯ್ ಅಂತ ಶಿಳ್ಳೆ ಬರುತ್ತದೆ, ಕೆಟ್ಟಿದೆಯಾ? ಇನ್ನೊಂದು, ದಿನಾ ಬೆಳಿಗ್ಗೆ ಆರು ಸದ್ದು ಹೇಳಿ ನೋಡಿ ಅಂದಿದ್ದರು: ಮ್, ಊ, ಆ, ಈ, ಶ್, ಸ್. ಮೊದಲ ಐದಕ್ಕೆ ತಿರುಗುತ್ತಾಳೆ, ‘ಸ್’ಗೆ ಮಾತ್ರ ಇಲ್ಲ.

ಇಬ್ಬರ ಅಪ್ಪ · ರಾತ್ರಿ 9:45

ಎದೆಗೆ ಒತ್ತಿದಾಗ ಮಾತ್ರ ಶಿಳ್ಳೆ ಬಂದರೆ ಸಹಜ, ಸದ್ದು ತಟ್ಟಿ ವಾಪಸ್ ಮೈಕಿಗೆ ಹೋಗುತ್ತದೆ. ಸುಮ್ಮನೆ ಕೂತಾಗಲೂ ಬಂದರೆ ಅಚ್ಚು ಸಡಿಲ ಅಂತ. ಈ ವಯಸ್ಸಿನಲ್ಲಿ ಕಿವಿ ಬೆಳೆಯುವ ವೇಗಕ್ಕೆ ಅಚ್ಚು ಆಗಾಗ ಹೊಸದು ಮಾಡಿಸಬೇಕು. ಅಚ್ಚಿನ ಮೇಲಿನ ತುದಿ ಕಿವಿಯ ಮಡಿಕೆಯೊಳಗೆ ಸರಿಯಾಗಿ ಕೂತಿದೆಯಾ ನೋಡಿ, ನಾನು ಆರು ತಿಂಗಳು ಅದನ್ನು ಹೊರಗೇ ಬಿಡುತ್ತಿದ್ದೆ. ಬ್ಯಾಟರಿ ಬಾಗಿಲಿಗೆ ಬೀಗ ಇರುವ ಮಾದರಿಯೇ ಅಂತಲೂ ಕೇಳಿಕೊಳ್ಳಿ, ನುಂಗಿದರೆ ಜೀವಕ್ಕೇ ಅಪಾಯ.

ಕಿವಿ ಕೆಲಸದವಳು · ರಾತ್ರಿ 10:00

ಆರು ಸದ್ದಿನಲ್ಲಿ ‘ಸ್’ ಅತಿ ಎತ್ತರದ ಕಂಪನದ್ದು. ಬಾಯಿ ಕಾಣದಂತೆ ಹಿಂದಿನಿಂದ, ಮಾಮೂಲಿ ದನಿಯಲ್ಲಿ, ಒಂದು ಮೀಟರ್ ದೂರದಿಂದ ಹೇಳಿ, ಮೂರು ದಿನ ಬರೆದಿಡಿ: ಯಾವ ಸದ್ದು, ಎಷ್ಟು ದೂರ, ತಿರುಗಿದಳಾ ಇಲ್ಲವಾ. ಒಂದೊಂದು ಕಿವಿಗೆ ಬೇರೆ ಬೇರೆಯಾಗಿಯೂ ನೋಡಿ. ಮುಂದಿನ ಸಲ ಹೋಗುವಾಗ ಆ ಹಾಳೆ ತೆಗೆದುಕೊಂಡು ಹೋಗಿ. ಅವರು ಅದನ್ನು ನೋಡಿಯೇ ಏಡಿನ ಎತ್ತರದ ಭಾಗವನ್ನು ಹೊಂದಿಸುತ್ತಾರೆ.